ಕಳೆದರೆ ಕಳೆ

ಪಾತ್ರೆ ಬೆಳಗುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಕೆಲಸ. ಹಬ್ಬ ಸಮೀಪಿಸಿತೆಂದರೆ ಅಟ್ಟದ ಮೇಲಿನ ಹಿತ್ತಾಳೆಯ ಕೊಳದಪ್ಪಲೆ, ದೇವರ ಮನೆಯ ದೀಪದ ಕಂಬ, ಪಂಚಪಾತ್ರೆ, ಉದ್ಧರಣೆಗಳೆಲ್ಲ ಹಿತ್ತಲಿನ ಕಲ್ಲಿನ ಬಳಿಗೆ ಬಂದು ಕೂರುತ್ತವೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಬೇಕಾದ ಸಾಮಗ್ರಿ ಇಷ್ಟೇ. ಸಂಜೆಯ ಹೊತ್ತಿಗೆ ಅವೆಲ್ಲ ಮಿರಮಿರನೆ ಮಿಂಚುತ್ತಿರುತ್ತವೆ. ನೋಡಿದವರು, "ಪಾತ್ರೆಗೆ ಎಂಥ ಕಳೆ ಬಂದಿದೆ!" ಎನ್ನುತ್ತಾರೆ. ನಮ್ಮ ಭಾಷೆಯ ಈ "ಕಳೆ" ಎಂಬ ಮಾತು ಬಹು ಸೊಗಸಾದುದು. ಕಳೆ ಎಂದರೆ ಕಾಂತಿ. ಕಳೆ ಎಂದರೆ ತೆಗೆದುಹಾಕು ಎಂದೂ ಅರ್ಥ. ಶಾಲೆಯ ಲೆಕ್ಕದಲ್ಲಿ ಹತ್ತರಿಂದ ಮೂರನ್ನು ಕಳೆಯುತ್ತೇವಲ್ಲ, ಅದೇ ಕಳೆ. ಶಬ್ದಶಾಸ್ತ್ರದ ಪಂಡಿತರು ಇವೆರಡೂ ಬೇರೆ ಬೇರೆ ಮೂಲದ ಮಾತುಗಳೆಂದು ಹೇಳಬಹುದು. ಆದರೆ ಪಾತ್ರೆ ಬೆಳಗುವವರ ಕೈಯಲ್ಲಿ ಎರಡೂ ಒಂದೇ.

ಹೇಗೆಂದರೆ, ಬೆಳಗಿದಾಗ ಪಾತ್ರೆಗೆ ಏನೋ ಹೊಸದು ಸೇರಿತೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಸೇರುವುದೇನೂ ಇಲ್ಲ. ಗಾಳಿ ನೀರುಗಳ ಸಂಗದಿಂದ ಕಂದಿದ ಮೇಲ್ಪದರವನ್ನು ಹುಣಸೆಯ ಹುಳಿ ಕರಗಿಸುತ್ತದೆ, ಬೂದಿ ಕೆರೆದು ಒಯ್ಯುತ್ತದೆ. ಅದರೊಡನೆ ಕಣ್ಣಿಗೆ ಕಾಣದಷ್ಟು ಒಳ್ಳೆಯ ಲೋಹವೂ ಹೋಗುತ್ತದೆ. ಮದುವೆಯಲ್ಲಿ ಬಂದ ತಂಬಿಗೆಯ ಮೇಲೆ ಕೊರೆಯಿಸಿದ ಹೆಸರು ಮೂರನೆಯ ತಲೆಮಾರಿಗೆ ಬರುವಷ್ಟರಲ್ಲಿ ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ತಿಳಿಯುವಂತಾಗುವುದು ಈ ಕಾರಣದಿಂದಲೇ. ಹೊಳಪೆಂಬುದು ವ್ಯವಕಲನದ ಫಲ.

ಈ ಮಾತು ಅಡುಗೆಮನೆಯ ಹೊರಗೂ ಸಲ್ಲುತ್ತದೆಂಬುದು ನನಗೆ ಮನವರಿಕೆಯಾದುದು ನಮ್ಮ ಮನೆಯ ಹಳೆಯ ಕಾರಿಗೆ ಮತ್ತೆ ಮೊದಲಿನ ಹೊಳಪು ತರಿಸಲು ಕೈಹಚ್ಚಿದಾಗ. ಅದು ನಮ್ಮ ತಂದೆಯವರು 1966ರಲ್ಲಿ ಕೊಂಡ ಫಿಯೆಟ್ 1100. "ಡಿಲೈಟ್" ಎಂದು ಜನ ಅಕ್ಕರೆಯಿಂದ ಕರೆಯುತ್ತಿದ್ದ ಮಾದರಿ. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರಖಾನೆ 1964ರಿಂದ ಇದನ್ನು ತಯಾರಿಸಿತು. ಇದೇ ಕಾರು 1974ರಲ್ಲಿ "ಪ್ರೀಮಿಯರ್ ಪದ್ಮಿನಿ" ಎಂಬ ಹೆಸರು ತಳೆದು ದೇಶದ ಮನೆಮಾತಾಯಿತು. ಈ ಶತಮಾನದ ಆರಂಭದಲ್ಲಿ ಅದರ ತಯಾರಿಕೆ ನಿಂತಿತು. ಮುಂಬಯಿಯ ರಸ್ತೆಗಳಲ್ಲಿ ಕಪ್ಪು ಹಳದಿ ಟ್ಯಾಕ್ಸಿಯಾಗಿ ದುಡಿಯುತ್ತಿದ್ದ ಪದ್ಮಿನಿಗಳ ಕಾಲವೂ 2023ರ ಅಕ್ಟೋಬರ್ ತಿಂಗಳಲ್ಲಿ ಮುಗಿದುಹೋಯಿತು. ನಮ್ಮದು ಮಾತ್ರ ಬೆಂಗಳೂರಿನ ನಮ್ಮ ಮನೆಯ ಷೆಡ್ಡಿನಲ್ಲಿ, ಎಂಜಿನ್ ಸರಿಯಿದ್ದರೂ ಮುಖ ಬಾಡಿ, ಯಾರೂ ಮಾತನಾಡಿಸದ ಮನೆಯ ಹಿರಿಯರಂತೆ ಕುಳಿತಿತ್ತು.

ಕಾರಿನ ಮುಖ ಬಾಡುವುದು ಬಣ್ಣದಿಂದಲ್ಲ, ಲೋಹದಿಂದ. ಬಣ್ಣ ಮಾಸಿದರೆ ಮತ್ತೆ ಹೊಡೆಸಬಹುದು. ಮುಂದಿನ ಬಂಪರು, ಹೆಡ್‌ಲೈಟಿನ ಬಳೆಗಳು, ಗಾಳಿ ಒಳಹೋಗುವ ಜಾಲರಿ, ಚಕ್ರದ ಮೇಲಿನ ಕಪ್ಪುಗಳು, ಬಾಗಿಲ ಹಿಡಿಗಳು, ಪಕ್ಕದಲ್ಲಿ ಉದ್ದಕ್ಕೆ ಓಡುವ "ಬೀಡಿಂಗ್" ಪಟ್ಟಿ—ಇವುಗಳೇ ಕಾರಿನ ಕಣ್ಣು, ಹುಬ್ಬು, ತುಟಿ. ಇವು ಕಂದಿದರೆ ಎಷ್ಟು ಬಣ್ಣ ಬಳಿದರೂ ಕಾರು ನಗುವುದಿಲ್ಲ.

ಕಾರಿಗೆ ಹೊಳೆಯುವ ಲೋಹ ತೊಡಿಸುವ ಪದ್ಧತಿ ಕಾರಿನಷ್ಟೇ ಹಳೆಯದು. ಮೊದಮೊದಲು ಹಿತ್ತಾಳೆಯದೇ ರಾಜ್ಯ. ಅಮೆರಿಕದ ಫೋರ್ಡ್ ಕಂಪೆನಿಯ ಪ್ರಸಿದ್ಧ ಟಿ ಮಾದರಿ ಕೂಡ ಮೊದಲ ವರ್ಷಗಳಲ್ಲಿ ಹಿತ್ತಾಳೆಯ ರೇಡಿಯೇಟರನ್ನು ಹೊತ್ತು ತಿರುಗುತ್ತಿತ್ತು. ಕಾರುಳ್ಳ ಶ್ರೀಮಂತರ ಮನೆಯಲ್ಲಿ ಹಿತ್ತಾಳೆ ಉಜ್ಜುವುದಕ್ಕೇ ಒಬ್ಬ ಆಳು ಬೇಕಾಗುತ್ತಿತ್ತು. ಅನಂತರ ನಿಕಲ್ ಲೇಪ ಬಂತು. ಅದೂ ಕೆಲವು ದಿನಗಳಲ್ಲಿ ಹಳದಿಗೆ ತಿರುಗುತ್ತಿತ್ತು. 1920ರ ದಶಕದ ನಡುವಿನಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾಲಿನ್ ಫಿಂಕ್ ಮೊದಲಾದವರ ಪರಿಶ್ರಮದಿಂದ ಕ್ರೋಮಿಯಂ ಲೇಪನ ವ್ಯಾಪಾರಕ್ಕೆ ಒದಗುವ ಮಟ್ಟಕ್ಕೆ ಬಂದಿತು. ಆ ದಶಕ ಮುಗಿಯುವುದರೊಳಗೆ ಕಾರುಗಳೆಲ್ಲ ಕ್ರೋಮಿಯಂ ತೊಡಲು ಆರಂಭಿಸಿದ್ದವು. ಉಜ್ಜುವ ಆಳಿಗೆ ಕೆಲಸ ತಪ್ಪಿತು.

ಆ ಮೋಹ ಎಷ್ಟು ಬೆಳೆಯಿತೆಂದರೆ, 1958ರ ಬ್ಯುಯಿಕ್ ಕಾರಿನ ಮುಂದಿನ ಜಾಲರಿಯೊಂದರಲ್ಲೇ ಕ್ರೋಮಿಯಂ ಲೇಪದ 160 ಚೌಕಗಳಿದ್ದವು! ಎರಡನೆಯ ಮಹಾಯುದ್ಧದ ಕಾಲದಲ್ಲಿ ಇದೇ ದೇಶ ಇನ್ನೊಂದು ಅತಿಯನ್ನೂ ಕಂಡಿತ್ತು. ಕ್ರೋಮಿಯಂ, ನಿಕಲ್‌ಗಳು ಯುದ್ಧಸಾಮಗ್ರಿಗೆ ಬೇಕಾದುದರಿಂದ, 1942ರ ಆರಂಭದಲ್ಲಿ ಅಲ್ಲಿ ತಯಾರಾದ ಕಾರುಗಳ ಅಲಂಕಾರಗಳಿಗೆ ಬರಿಯ ಬಣ್ಣ ಬಳಿದು ಕಳಿಸಿದರು. ಹೊಳಪಿಗೂ ರಾಜ್ಯಶಾಸ್ತ್ರಕ್ಕೂ ನಂಟಿದೆ.

ನನ್ನ ಕೆಲಸ ಆರಂಭವಾದುದು ಒಂದು ಸಣ್ಣ ಅಯಸ್ಕಾಂತದಿಂದ. ಹೊಳೆಯುವ ಲೋಹವೆಲ್ಲ ನೋಡಲು ಒಂದೇ. ಸ್ವಭಾವ ಬೇರೆ ಬೇರೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆಯನ್ನು ಈ ಕಸುಬಿನವರು ಮೊದಲು ಕಲಿಯಬೇಕು. ಬಂಪರಿನ ಮೇಲಿಟ್ಟರೆ ಅಯಸ್ಕಾಂತ ಗಟ್ಟಿಯಾಗಿ ಹಿಡಿದುಕೊಂಡಿತು: ಅದು ಉಕ್ಕು, ಮೇಲೆ ಲೇಪ. ಬಾಗಿಲ ಹಿಡಿಗೆ ಅಂಟಲಿಲ್ಲ. ಕೈಗೆ ತೂಕವಾಗಿತ್ತು: ಅದು ಅಚ್ಚಿನಲ್ಲಿ ಎರಕ ಹೊಯ್ದ ಸತು, ಮೇಲೆ ಲೇಪ. ಒಂದು ಪಟ್ಟಿ ಹೂವಿನಷ್ಟು ಹಗುರ, ಅಯಸ್ಕಾಂತಕ್ಕೆ ಸೊಪ್ಪು ಹಾಕಲಿಲ್ಲ: ಅಲ್ಯೂಮಿನಿಯಂ. ಪಕ್ಕದ ಉದ್ದ ಪಟ್ಟಿಗೆ ಅಯಸ್ಕಾಂತ ಅಂಟಿತು, ಆದರೆ ತುಕ್ಕಿನ ಸುಳಿವೇ ಇಲ್ಲ: ಅದು ಸ್ಟೇನ್‌ಲೆಸ್ ಉಕ್ಕಿನ ಒಂದು ಜಾತಿ. ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಅಂಟುವುದೇ ಇಲ್ಲವೆಂದು ಅನೇಕರು ನಂಬಿದ್ದಾರೆ. ನಮ್ಮ ಅಡುಗೆಮನೆಯ ಒಳ್ಳೆಯ ಪಾತ್ರೆಗಳ ಮಟ್ಟಿಗೆ ಅದು ಬಹುಮಟ್ಟಿಗೆ ನಿಜ. ಕಾರಿನ ಪಟ್ಟಿಗಳಿಗೆ ಬಳಸುವ, ನಿಕಲ್ ಇಲ್ಲದ ಜಾತಿಗೆ ಅಂಟುತ್ತದೆ. ಅರವತ್ತು ವರ್ಷಗಳಲ್ಲಿ ಬದಲಾದ ತುಂಡುಗಳೂ ಸೇರಿ ನಮ್ಮ ಒಂದು ಕಾರಿನಲ್ಲಿ ನಾಲ್ಕು ಜಾತಿಯ ಲೋಹಗಳು ಒಟ್ಟು ಕುಟುಂಬದಂತೆ ಬಾಳುತ್ತಿದ್ದವು.

ಇವುಗಳಲ್ಲಿ ಸ್ಟೇನ್‌ಲೆಸ್ ಉಕ್ಕಿನದು ಅತ್ಯಂತ ಉದಾರ ಸ್ವಭಾವ. ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರೇರ್ಲಿ ಎಂಬಾತ 1913ರಲ್ಲಿ ಬಂದೂಕಿನ ನಳಿಗೆಗೆ ಸವೆಯದ ಉಕ್ಕನ್ನು ಹುಡುಕುತ್ತಿದ್ದಾಗ ತುಕ್ಕು ಹಿಡಿಯದ ಉಕ್ಕು ಕೈಗೆ ಸಿಕ್ಕಿತು. ಅದರ ಗುಟ್ಟು ಕ್ರೋಮಿಯಂ. ನೂರಕ್ಕೆ ಹತ್ತೂವರೆ ಪಾಲಿಗಿಂತ ಹೆಚ್ಚು ಕ್ರೋಮಿಯಂ ಬೆರೆತರೆ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದು ತಾನಾಗಿ ಕಟ್ಟಿಕೊಳ್ಳುತ್ತದೆ. ಗೀಚಿದರೆ ಮತ್ತೆ ಕಟ್ಟಿಕೊಳ್ಳುತ್ತದೆ. ಇಲ್ಲಿ ಹೊಳಪು ಮೇಲಿನ ಲೇಪವಲ್ಲ, ಒಳಗಿನವರೆಗೂ ಇರುವ ಗುಣ. ಆದುದರಿಂದ ಎಷ್ಟು ಸಲ ಉಜ್ಜಿದರೂ ಅದು ಮುನಿಸಿಕೊಳ್ಳುವುದಿಲ್ಲ.

ನಮ್ಮ ಕಾರಿನ ಎಡಪಕ್ಕದ ಪಟ್ಟಿಯಲ್ಲಿ ಅಂಗೈ ಉದ್ದದ ತಗ್ಗೊಂದಿತ್ತು. ಅದಕ್ಕೊಂದು ಚರಿತ್ರೆ. 1974ರಲ್ಲಿ ನಮ್ಮ ಅಕ್ಕ ಕಾರು ಕಲಿಯುವಾಗ ಗೇಟಿನ ಕಲ್ಲುಕಂಬಕ್ಕೆ ಸವರಿದ ಗುರುತು ಅದು. ತಂದೆಯವರು ಒಂದು ಮಾತೂ ಗದರಲಿಲ್ಲ. ಅದನ್ನು ರಿಪೇರಿಯೂ ಮಾಡಿಸಲಿಲ್ಲ. ಅದು ಮನೆತನದ ನೆನಪು, ಹಾಗೆಯೇ ಇರಲಿ ಎಂಬುದು ನನ್ನ ಅಭಿಪ್ರಾಯ. ತೆಗೆಯಲೇಬೇಕೆಂಬುದು ನನ್ನ ಮಗನ ಹಟ. ಕೊನೆಗೆ ಮೈಸೂರಿನಲ್ಲಿರುವ ಅಕ್ಕನನ್ನೇ ದೂರವಾಣಿಯಲ್ಲಿ ಕೇಳಿದೆವು. "ತೆಗೆದುಬಿಡಪ್ಪ! ಮನೆಗೆ ಬಂದ ನೆಂಟರಿಗೆಲ್ಲ ಅಪ್ಪ ಅದನ್ನು ತೋರಿಸಿ ನಗುತ್ತಿದ್ದರು. ಐವತ್ತು ವರ್ಷ ಸಾಲದೇ?" ಎಂದಳು ಅಕ್ಕ. ನೆನಪನ್ನು ಕಾಯುವ ಹಕ್ಕು ನೋಡಿದವರಿಗಿಂತ ಅನುಭವಿಸಿದವರಿಗೆ ಹೆಚ್ಚು. ತಗ್ಗು ಹೋಗಲೆಂದು ತೀರ್ಮಾನವಾಯಿತು.

ತಗ್ಗು ತೆಗೆಯುವುದು ಬಲದ ಕೆಲಸವಲ್ಲ. ಪಟ್ಟಿಯನ್ನು ಬಿಚ್ಚಿ, ಮಗುಚಿ, ಮರದ ದಿಮ್ಮಿಯ ಮೇಲಿಟ್ಟು, ಚಿಕ್ಕ ಸುತ್ತಿಗೆಯಿಂದ ಹಿಂಬದಿಯಿಂದ ಮೆಲ್ಲಮೆಲ್ಲನೆ ತಟ್ಟಬೇಕು. ಒಂದೇ ಜೋರು ಪೆಟ್ಟಿಗೆ ಲೋಹ ಹಿಗ್ಗಿಬಿಡುತ್ತದೆ; ಹಿಗ್ಗಿದ ಲೋಹವನ್ನು ಕುಗ್ಗಿಸುವುದು ಬಹು ಕಷ್ಟ. ಹೊರಬದಿಯನ್ನು ಆಗಾಗ ಅರದಿಂದ ಹಗುರವಾಗಿ ಸವರಿದರೆ ಉಬ್ಬಿದ ಕಡೆ ಹೊಳೆಯುತ್ತದೆ, ತಗ್ಗಿದ ಕಡೆ ಮಂಕಾಗಿ ಉಳಿಯುತ್ತದೆ. ಎಲ್ಲಿ ತಟ್ಟಬೇಕೆಂದು ಲೋಹವೇ ಹೇಳುತ್ತದೆ. ಅನಂತರ ವಾಟರ್ ಪೇಪರಿನ ಸರದಿ. ಮೊದಲು 220ನೆಯ ನಂಬರು, ಅದಾದ ಮೇಲೆ 400, 600, 800, 1000. ಪ್ರತಿಯೊಂದು ನಂಬರಿನಲ್ಲೂ ಹಿಂದಿನದಕ್ಕೆ ಅಡ್ಡಲಾಗಿ ಉಜ್ಜಬೇಕು. ಹಿಂದಿನ ನಂಬರಿನ ಗೀರುಗಳು ಒಂದೂ ಉಳಿಯದೆ ಮಾಯವಾದ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ಆತುರಪಟ್ಟು ಒಂದು ಮೆಟ್ಟಿಲು ಹಾರಿದರೆ ಆ ಗೀರು ಕೊನೆಯ ಹೊಳಪಿನಲ್ಲಿ ಎದ್ದು ಕಾಣುತ್ತದೆ.

ಕಡೆಗೆ ಬಟ್ಟೆಯ ಬಫ್ ಚಕ್ರ. ಇಲ್ಲಿ ಎಚ್ಚರ ಬೇಕು. ಉದ್ದವಾದ ತೆಳು ಪಟ್ಟಿಯನ್ನು ಬರಿಗೈಯಲ್ಲಿ ಹಿಡಿದರೆ ತಿರುಗುವ ಚಕ್ರ ಅದನ್ನು ಕಿತ್ತುಕೊಂಡು ಚಾವಟಿಯಂತೆ ಬೀಸುತ್ತದೆ. ಪಟ್ಟಿಯನ್ನು ಹಲಗೆಗೆ ಬಿಗಿದು, ಕಣ್ಣಿಗೆ ಕನ್ನಡಕ ತೊಟ್ಟು, ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಒಡ್ಡಬೇಕು. ಸ್ಟೇನ್‌ಲೆಸ್‌ಗೆ ಕೊನೆಯ ಮೆರುಗು ಕೊಡುವ ಹಸಿರು ಪಾಲಿಷ್ ಕಡ್ಡಿ ಏನೆಂದು ಬಲ್ಲಿರಾ? ಅದೂ ಕ್ರೋಮಿಯಂನದೇ ಒಂದು ರೂಪ, ಕ್ರೋಮಿಯಂ ಆಕ್ಸೈಡ್. ವಜ್ರವನ್ನು ವಜ್ರದಿಂದ ಕೊಯ್ಯುವಂತೆ ಇಲ್ಲಿ ಕ್ರೋಮಿಯಂಗೆ ಕ್ರೋಮಿಯಂ. ಎರಡು ಭಾನುವಾರಗಳ ಕೆಲಸ ಮುಗಿದಾಗ ಪಟ್ಟಿಯಲ್ಲಿ ಮುಖ ನೋಡಿಕೊಳ್ಳಬಹುದಾಗಿತ್ತು. ಅಂಗಳದಲ್ಲಿ ಬಿದ್ದ ಬೂದುಬಣ್ಣದ ಧೂಳಷ್ಟೂ ಪಟ್ಟಿಯಿಂದ ಕಳೆದ ಲೋಹ.

ಅಲ್ಯೂಮಿನಿಯಂ ಪಟ್ಟಿಯದು ಇನ್ನೊಂದು ಬಗೆ. ಅದಕ್ಕೆ ಕಾರಖಾನೆಯಲ್ಲಿ ವಿದ್ಯುತ್ತಿನಿಂದ ಗಟ್ಟಿ ಆಕ್ಸೈಡಿನ ಕವಚ ಕಟ್ಟಿಸಿರುತ್ತಾರೆ. ಅದನ್ನು ಆನೊಡೈಸ್ ಮಾಡುವುದೆನ್ನುತ್ತಾರೆ. ಆ ಕವಚ ಮಸುಕಾದ ಮೇಲೆ ಎಷ್ಟು ಉಜ್ಜಿದರೂ ವ್ಯರ್ಥ. ಕಾಸ್ಟಿಕ್ ಸೋಡಾದ ನೀರಿನಲ್ಲಿ ಮೊದಲು ಅದನ್ನು ಕರಗಿಸಿ, ಒಳಗಿನ ಮೃದು ಲೋಹವನ್ನು ಬೆಳಗಬೇಕು; ಮತ್ತೆ ಕವಚ ಕಟ್ಟಿಸದಿದ್ದರೆ ಮೇಣ ಸವರಿ ಕಾಪಾಡಬೇಕು.

ಇಷ್ಟರವರೆಗೆ ಎಲ್ಲವೂ ನಮ್ಮ ಮನೆಯ ಅಂಗಳದಲ್ಲೇ ನಡೆಯಿತು. ತೊಡಕು ಬಂದುದು ಬಂಪರಿನಲ್ಲಿ. ಅದರ ಕ್ರೋಮಿಯಂ ಅಲ್ಲಲ್ಲಿ ಸಿಪ್ಪೆ ಎದ್ದು, ಕೆಳಗಿನ ಉಕ್ಕು ತುಕ್ಕು ಹಿಡಿದಿತ್ತು. ಮೇಲುಮೇಲಿನ ತುಕ್ಕಾದರೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದುರಿ, ನೀರಿನಲ್ಲಿ ಅದ್ದಿ ಉಜ್ಜಿದರೆ ಹೋಗುತ್ತದೆ. ಅಲ್ಯೂಮಿನಿಯಂ ಕ್ರೋಮಿಯಂಗಿಂತ ಬಹಳ ಮೆದು. ಆದುದರಿಂದ ಗೀರು ಬೀಳುವುದಿಲ್ಲ. ಆದರೆ ಲೇಪವೇ ಹೋದ ಜಾಗದಲ್ಲಿ ಉಜ್ಜಿ ಹೊಳಪು ತರುವುದು ಯಾರಿಂದಲೂ ಸಾಧ್ಯವಿಲ್ಲ. ಅಲ್ಲಿ ಕಳೆಯುವುದಕ್ಕೆ ಏನೂ ಉಳಿದಿಲ್ಲ. ಹೊಸದಾಗಿ ಲೇಪಿಸಲೇಬೇಕು.

ಹೀಗೆ ಬಂಪರು, ಹಿಡಿಗಳೊಡನೆ ನಾನೂ ನನ್ನ ಮಗನೂ ಲೇಪನದ ಮೇಸ್ತ್ರಿಯೊಬ್ಬರ ಬಳಿಗೆ ಹೋದೆವು. ಎಪ್ಪತ್ತರ ಸಮೀಪದ ಮನುಷ್ಯ. ಹದಿನಾಲ್ಕನೆಯ ವಯಸ್ಸಿನಿಂದ ಇದೇ ಕಸುಬು. ಅವರು ಬಂಪರನ್ನು ಬೆರಳಿನಿಂದ ಸವರಿ, "ಸ್ವಾಮಿ, ಜನ ಕ್ರೋಮು ಕ್ರೋಮು ಅಂತಾರೆ. ಹೊಳಪು ಕ್ರೋಮಿನದಲ್ಲ" ಎಂದರು. ಅವರು ವಿವರಿಸಿದುದರ ಸಾರ ಇಷ್ಟು. ಮೊದಲು ಹಳೆಯ ಲೇಪವನ್ನೆಲ್ಲ ತೆಗೆದು, ಉಕ್ಕನ್ನೇ ಕನ್ನಡಿಯಾಗುವಂತೆ ಉಜ್ಜಬೇಕು. ಅದರ ಮೇಲೆ ತಾಮ್ರ, ತಾಮ್ರದ ಮೇಲೆ ನಿಕಲ್. ಕಣ್ಣಿಗೆ ಕಾಣುವ ಹೊಳಪಿನ ಬಹುಪಾಲು ನಿಕಲಿನದು. ನಿಕಲ್ ಕಂದದಂತೆ ಕಾಯಲು ಮೇಲೆ ಕ್ರೋಮಿಯಂ. ನಿಕಲ್ 20, 30 ಮೈಕ್ರಾನ್ ದಪ್ಪವಿದ್ದರೆ ಕ್ರೋಮಿಯಂ ಒಂದು ಮೈಕ್ರಾನಿನ ಮೂರನೆಯ ಒಂದು ಭಾಗವೂ ಇರುವುದು ಕಷ್ಟ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕೂದಲಿನ ಇನ್ನೂರರಲ್ಲಿ ಒಂದು ಪಾಲಿನ ಪೊರೆಯನ್ನು ನಂಬಿಕೊಂಡು ಬಂಪರು ಮಳೆ ಬಿಸಿಲುಗಳನ್ನು ಎದುರಿಸುತ್ತದೆ.

ಮಾತನಾಡುವಾಗ ಮೇಸ್ತ್ರಿಗಳ ದನಿ ವಿಚಿತ್ರವಾಗಿ ಸೀಟಿಯಂತೆ ಎಳೆಯುತ್ತಿತ್ತು. ನಾನು ಕೇಳಲಿಲ್ಲ, ಅವರೇ ಹೇಳಿದರು. ಮೂಗಿನ ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ತೂತು ಬಿದ್ದಿದೆಯಂತೆ. ಇದು ಕ್ರೋಮಿಯಂ ಲೇಪಕರ ಹಳೆಯ ಕಾಯಿಲೆ. ವೈದ್ಯಗ್ರಂಥಗಳಲ್ಲಿ ನೂರು ವರ್ಷಗಳಿಂದ ದಾಖಲಾಗಿರುವಂಥದು. ಲೇಪನದ ತೊಟ್ಟಿಯಲ್ಲಿ ಕ್ರೋಮಿಕ್ ಆಮ್ಲದ ಕೆಂಪು ದ್ರವವಿರುತ್ತದೆ. ಅದರೊಳಗೆ ಹರಿಸಿದ ವಿದ್ಯುತ್ತಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಮಿಕ್ಕಿದ್ದು ಲೇಪಕ್ಕೆ ಒದಗದೆ ಜಲಜನಕದ ಗುಳ್ಳೆಗಳಾಗಿ ಹೋಗುತ್ತದೆ. ಆ ಗುಳ್ಳೆಗಳು ಮೇಲೆ ಬಂದು ಒಡೆದಾಗ ಆಮ್ಲ ಮಂಜಿನಂತೆ ಗಾಳಿಗೇಳುತ್ತದೆ. ತೊಟ್ಟಿಯ ಮೇಲೆ ಬಗ್ಗಿ ನಿಂತವನು ಅದನ್ನೇ ಉಸಿರಾಡುತ್ತಾನೆ. ಮೂಗು ತೂತಾಗುವುದು ಚಿಕ್ಕ ಕೇಡು. ಅದೇ ಮಂಜು ಶ್ವಾಸಕೋಶದ ಅರ್ಬುದರೋಗವನ್ನೂ ತರುತ್ತದೆ. "ಹುಡುಗರಾಗಿದ್ದಾಗ ಮೂಗು ಉರಿದರೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ತಿದ್ವಿ, ಅಷ್ಟೇ" ಎಂದು ಮೇಸ್ತ್ರಿಗಳು ನಕ್ಕರು.

ಕ್ರೋಮಿಯಂ ಒಂದೇ ಆದರೂ ಅದಕ್ಕೆ ಹಲವು ಸ್ಥಿತಿಗಳಿವೆ. ಫ್ರಾನ್ಸಿನ ವೋಕ್ಲಾನ್ 1797ರಲ್ಲಿ ಸೈಬೀರಿಯದ ಕೆಂಪು ಅದಿರಿನಲ್ಲಿ ಇದನ್ನು ಕಂಡುಹಿಡಿದಾಗ, ಇದರ ಲವಣಗಳ ಬಗೆಬಗೆಯ ಬಣ್ಣಗಳನ್ನು ಕಂಡೇ ಗ್ರೀಕ್ ಭಾಷೆಯಲ್ಲಿ ಬಣ್ಣ ಎಂಬರ್ಥದ ಹೆಸರು ಸಲ್ಲಿತು. ಪಚ್ಚೆಯ ಹಸಿರೂ ಮಾಣಿಕ್ಯದ ಕೆಂಪೂ ಇದರ ಪ್ರಭಾವವೇ. ನಮ್ಮ ಹಾಸನ ಜಿಲ್ಲೆಯ ಬೈರಾಪುರದಲ್ಲಿ ಇದರ ಅದಿರಿದೆ. ದೇಶದ ನಿಕ್ಷೇಪದ ಬಹುಪಾಲು ಒಡಿಶಾದ ಸುಕಿಂದ ಕಣಿವೆಯಲ್ಲಿದೆ. ರಸಾಯನಶಾಸ್ತ್ರಜ್ಞರು "ಟ್ರೈವೇಲೆಂಟ್" ಎನ್ನುವ ಮೂರರ ಸ್ಥಿತಿಯ ಕ್ರೋಮಿಯಂ ಹೆಚ್ಚು ಕೇಡು ಮಾಡುವುದಿಲ್ಲ. "ಹೆಕ್ಸಾವೇಲೆಂಟ್" ಎನ್ನುವ ಆರರ ಸ್ಥಿತಿಯದು ವಿಷ. ಲೇಪನದ ಕೆಂಪು ತೊಟ್ಟಿಯಲ್ಲಿರುವುದು ಈ ಆರರದು.

ಅದು ತೊಟ್ಟಿಯಲ್ಲೇ ಉಳಿಯುವುದೂ ಇಲ್ಲ. ಲೇಪಿಸಿದ ಪ್ರತಿಯೊಂದು ವಸ್ತುವನ್ನೂ ನೀರಿನಲ್ಲಿ ತೊಳೆಯಬೇಕು. ಆ ನೀರು ಎಲ್ಲಿಗೋ ಹರಿಯಬೇಕು. ಮೇಸ್ತ್ರಿಗಳು ಕಸುಬು ಕಲಿತ ಹಳೆಯ ಗಲ್ಲಿಯಲ್ಲಿ ಅದು ನೇರವಾಗಿ ಚರಂಡಿಗೆ ಹೋಗುತ್ತಿತ್ತು. ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಮಿತಿಮೀರಿ ಸೇರಿರುವುದನ್ನು ಸರಕಾರದ ಪರೀಕ್ಷೆಗಳೇ ದಾಖಲಿಸಿವೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ ಸಂಸ್ಥೆ ವಿಧಿಸಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ನಾನು ಅಲ್ಲಿಯೇ ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ನಮ್ಮ ಎರಡು ಬಂಪರುಗಳ ಮೇಲಿರುವ ಕ್ರೋಮಿಯಂ ಅಷ್ಟನ್ನೂ ತೂಗಿದರೆ ಸುಮಾರು ಒಂದು ಗ್ರಾಂ ಆದೀತು. ಆ ಒಂದು ಗ್ರಾಂ ನೀರಿಗೆ ಸೇರಿದರೆ ಮಿತಿಯೊಳಗೆ ತರಲು 20,000 ಲೀಟರ್ ಶುದ್ಧ ನೀರು ಬೆರೆಸಬೇಕು. ಬೇಸಿಗೆಯಲ್ಲಿ ನಮ್ಮ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರುಗಳಾದರೆ ಮೂರಕ್ಕೂ ಮೇಲೆ! ಒಂದು ಸಂಸಾರದ ಚಂದಕ್ಕೆ ಒಂದು ಬೀದಿಯ ನೀರು.

ನನ್ನ ಮುಖಭಾವವನ್ನು ಕಂಡ ಮೇಸ್ತ್ರಿಗಳು ನಮ್ಮನ್ನು ಒಳಗೆ ಕರೆದೊಯ್ದರು. ಆರರ ತೊಟ್ಟಿಯನ್ನು ಅವರು ಮುಚ್ಚಿ ಕೆಲವು ವರ್ಷಗಳಾಗಿವೆ. ಈಗ ಇರುವುದು ಮೂರರ ತೊಟ್ಟಿ. ಆದರೆ ಹಳೆಯ ಬಂಪರುಗಳು ಬಂದಾಗ ಅವುಗಳ ಹಳೆಯ ಕ್ರೋಮಿಯಂ ತೆಗೆಯಲೇಬೇಕಲ್ಲ! ಕಾಸ್ಟಿಕ್ ಸೋಡಾದ ದ್ರವದಲ್ಲಿ ಮುಳುಗಿಸಿ ವಿದ್ಯುತ್ತನ್ನು ಹಿಮ್ಮುಖವಾಗಿ ಹರಿಸಿದರೆ ಅದು ಬಿಟ್ಟುಹೋಗುತ್ತದೆ. ಹೋಗುವಾಗ ಆರರ ವಿಷವಾಗಿಯೇ ಹೋಗುತ್ತದೆ. ನಮ್ಮ ಬಂಪರನ್ನು ಆ ತೊಟ್ಟಿಗೆ ಇಳಿಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ ಲೋಹದ ಸುತ್ತ ಅರಿಸಿನದ ಹೊಗೆಯಂಥ ಹಳದಿ ಬಣ್ಣ ಬಿಟ್ಟುಕೊಳ್ಳಲಾರಂಭಿಸಿತು. "ನೋಡಿ ಸ್ವಾಮಿ, ನಿಮ್ಮ ತಂದೆಯವರ ಕಾಲದ ಹೊಳಪು" ಎಂದರು.

ಆ ಹಳದಿ ನೀರನ್ನು ಒಂದು ಗಾಜಿನ ಸೀಸೆಗೆ ತೆಗೆದು ಅವರು ತೋರಿಸಿದ ಪ್ರಯೋಗವನ್ನು ನಾನು ಮರೆಯಲಾರೆ. ಮೊದಲು ಆಮ್ಲ ಬೆರೆಸಿದರು, ಹಳದಿ ಕಿತ್ತಳೆಯಾಯಿತು. ಗಂಧಕದ ಘಾಟಿನ ಬಿಳಿಯ ಪುಡಿಯೊಂದನ್ನು ಹಾಕಿ ಕಲಕಿದರು. ಅದು ಸೋಡಿಯಂ ಮೆಟಾಬೈಸಲ್ಫೈಟ್. ಕಿತ್ತಳೆ ನೋಡನೋಡುತ್ತ ತಿಳಿಹಸಿರಾಯಿತು. ಆರರ ವಿಷ ಮೂರಕ್ಕೆ ಇಳಿಯಿತು. ಕೊನೆಗೆ ಸುಣ್ಣದ ನೀರು. ಒಡೆದ ಹಾಲಿನಂತೆ ಹಸಿರು ಗಷ್ಟು ತಳಕ್ಕಿಳಿದು ಮೇಲಿನ ನೀರು ತಿಳಿಯಾಯಿತು. ಆ ಗಷ್ಟನ್ನು ಅವರು ಎಲ್ಲೆಂದರಲ್ಲಿ ಎಸೆಯುವಂತಿಲ್ಲ. ಚೀಲಕ್ಕೆ ತುಂಬಿ, ಅಪಾಯಕರ ತ್ಯಾಜ್ಯವನ್ನು ವಿಲೇವಾರಿ ಮಾಡುವವರಿಗೆ ಹಣ ಕೊಟ್ಟು ಒಪ್ಪಿಸಬೇಕು.

ಇನ್ನು ನಾವು ತೀರ್ಮಾನಿಸಬೇಕಾದ ಮಾತು ಉಳಿದಿತ್ತು. ಆರರ ತೊಟ್ಟಿಯಲ್ಲಿ ಅದ್ದಿದ ಕ್ರೋಮಿಯಂಗೆ ನಸುನೀಲಿಯ ತಣ್ಣನೆಯ ಛಾಯೆ ಬರುತ್ತದೆ. ಹಳೆಯ ಕಾರುಗಳೆಲ್ಲ ತೊಟ್ಟಿದ್ದುದು ಅದನ್ನೇ. ಮೂರರದು ಕೊಂಚ ಗಾಢ. ಪಕ್ಕಪಕ್ಕದಲ್ಲಿ ಇಟ್ಟರೆ ಬಲ್ಲವರ ಕಣ್ಣಿಗೆ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಕಾರುಗಳ ಪ್ರದರ್ಶನಕ್ಕೆ ನಮ್ಮದನ್ನು ಒಯ್ಯಬೇಕೆಂದು ಆಸೆಪಟ್ಟಿದ್ದ ನನ್ನ ಮಗ, "ಅಪ್ಪಾ, ಅಸಲು ಛಾಯೆ ಇಲ್ಲದಿದ್ದರೆ ಅಂಕ ಕಳೆಯುತ್ತಾರೆ. ಹಳೆಯ ಬಗೆಯಲ್ಲಿ ಮಾಡುವವರು ಬೇರೆ ಕಡೆ ಇದ್ದಾರೆ" ಎಂದ. ಅವನ ಮಾತು ಅಸಂಗತವೇನಲ್ಲ. ಪುನರುದ್ಧಾರವೆಂದರೆ ಇದ್ದುದನ್ನು ಇದ್ದಂತೆಯೇ ತರುವುದಲ್ಲವೇ? ನಾನು ಉತ್ತರ ಹೇಳದೆ ಮೇಸ್ತ್ರಿಗಳ ಕಡೆ ನೋಡಿದೆ. ಅವರು ಹೋಗಿ ಎಂದೂ ಹೇಳಲಿಲ್ಲ, ಬೇಡವೆಂದೂ ಹೇಳಲಿಲ್ಲ, ಉಸಿರೆಳೆದುಕೊಂಡರು. ಆ ಸೀಟಿಯ ಸದ್ದು ನನ್ನ ಮಗನಿಗೂ ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಅವನೇ, "ಇಲ್ಲೇ ಇರಲಿ ಅಪ್ಪ" ಎಂದ.

ಬಾಗಿಲ ಹಿಡಿಗಳಿಗೆ ಲೇಪನ ಬೇಡವೆಂದವರು ಮೇಸ್ತ್ರಿಗಳೇ. ಸತುವಿನ ಎರಕಕ್ಕೆ ಒಂದು ದೋಷವಿದೆ. ಲೇಪದ ಕಿರುರಂಧ್ರಗಳಿಂದ ತೇವ ಒಳಸೇರಿ, ಸತುವೇ ಕೆಟ್ಟು, ಒಳಗಿನಿಂದ ಗುಳ್ಳೆಗಳೇಳುತ್ತವೆ. ಮತ್ತೆ ಲೇಪಿಸಬೇಕಾದರೆ ಪ್ರತಿಯೊಂದು ಗುಳಿಯನ್ನೂ ಕೊರೆದು ಶುದ್ಧಮಾಡಿ, ತಾಮ್ರ ತುಂಬಿ, ಸಮಗೊಳಿಸಬೇಕು. ಅಷ್ಟು ಕೊರೆದರೆ ಹಿಡಿಯ ಮೂಲ ಆಕಾರವೇ ಉಳಿಯದು. "ಇವಕ್ಕೆ ಇನ್ನೂ ಶಕ್ತಿ ಇದೆ. ತೊಳೆದು ಮೇಣ ಹಚ್ಚಿ, ಬಿಟ್ಟುಬಿಡಿ. ಎಲ್ಲವನ್ನೂ ಹೊಸದು ಮಾಡಿದರೆ ಹಳೇ ಕಾರು ಎಲ್ಲಿರುತ್ತೆ?" ಎಂದರು. ಬಂದ ಕೆಲಸವನ್ನು ಬೇಡವೆನ್ನುವ ಕಸುಬುದಾರರನ್ನು ಕಂಡಾಗ ಕೈಮುಗಿಯಬೇಕೆನಿಸುತ್ತದೆ.

ಹದಿನೈದು ದಿನಗಳ ಮೇಲೆ ಬಂಪರುಗಳು ಸಿದ್ಧವಾದವು. ಮೇಸ್ತ್ರಿಗಳು ಕ್ಯಾಲೆಂಡರಿನ ಹಾಳೆಯ ಬೆನ್ನಿನ ಮೇಲೆ ಬಿಲ್ಲು ಬರೆದುಕೊಟ್ಟರು. ಉಜ್ಜಿದ ಕೂಲಿ, ತಾಮ್ರ, ನಿಕಲ್, ಕ್ರೋಮ್. ಪ್ರತಿಯೊಂದರ ಮುಂದೆ ಒಂದು ಮೊತ್ತ. ಕೊನೆಯಲ್ಲಿ ಬೇರೆಯಾಗಿ ಒಂದು ಸಾಲು: "ನೀರು." ನನ್ನ ಮಗ ನಗುತ್ತ, "ಮೇಸ್ತ್ರಿಗಳೇ, ನೀರಿಗೂ ದುಡ್ಡೇ?" ಎಂದು ಕೇಳಿದ.

"ಮೊದಲೂ ಇತ್ತು ಸ್ವಾಮಿ. ಆಗ ಬೇರೆಯವರು ಕೊಡ್ತಿದ್ರು" ಎಂದರು ಮೇಸ್ತ್ರಿಗಳು.

ಕಾರು ಈಗ ಓಡಾಡುತ್ತಿದೆ. ಮಳೆಯಲ್ಲಿ ನೆನೆದ ದಿನ ಬಂಪರನ್ನು ಶುದ್ಧ ನೀರಿನಿಂದ ತೊಳೆದು, ಮೆತ್ತನೆಯ ಹತ್ತಿಯ ಬಟ್ಟೆಯಿಂದ ಒರೆಸುತ್ತೇನೆ; ಎರಡು ತಿಂಗಳಿಗೊಮ್ಮೆ ಮೇಣ. ಪಾಲಿಷ್ ಡಬ್ಬಿಯನ್ನು ಮಾತ್ರ ಕಪಾಟಿನ ಮೇಲುಹಲಗೆಗೆ ಏರಿಸಿದ್ದೇನೆ. ಉಜ್ಜುವ ಪಾಲಿಷ್ ಆ ತೆಳು ಪೊರೆಗೆ ಹಿತವಲ್ಲ. ಕೊಳೆಯನ್ನು ಕೂಡಲೇ ಒರೆಸಿದರೆ ಉಜ್ಜುವ ಪ್ರಸಂಗವೇ ಬರುವುದಿಲ್ಲ. ಪ್ರದರ್ಶನದಲ್ಲಿ ನಿರ್ಣಾಯಕರು ಬಂಪರಿನ ಛಾಯೆಗೂ ಮಂಕಾದ ಹಿಡಿಗಳಿಗೂ ಅಂಕ ಕಳೆದರು. ಕಳೆಯಬೇಕಾದುದು ಅವರ ಧರ್ಮ. ಬಹುಮಾನ ಬರಲಿಲ್ಲ. ಬಂಪರು ಹೆಡ್‌ಲೈಟಿನ ಹಳೆಯ ಬಳೆಗಿಂತ ಒಂದು ಎಳೆಯಷ್ಟು ಗಾಢವಾಗಿದೆ. ಹತ್ತಿರ ಬಂದು ಬಗ್ಗಿ ನೋಡಿದವರಿಗೆ ಅದು ಕಾಣುತ್ತದೆ. "ಬಣ್ಣ ಏಕೆ ಬೇರೆ?" ಎಂದು ಕೇಳಿದವರಿಗೆ ನನ್ನ ಮಗನೇ ಮುಂದೆ ಬಂದು, ಸೀಸೆಯ ನೀರು ಹಳದಿಯಿಂದ ಹಸಿರಾದ ಕಥೆಯನ್ನು ಮೊದಲಿನಿಂದ ಹೇಳುತ್ತಾನೆ.